ಕಲ್ಲು ಮತ್ತು ತಾಮ್ರ

ಮೈಸೂರಿನ ಕಡೆಗೆ ಹೊರಟಿದ್ದ ಪ್ಯಾಸೆಂಜರು ಗಾಡಿಯು ಮದ್ದೂರನ್ನು ದಾಟಿ, ಮಂಡ್ಯವನ್ನು ಇನ್ನೂ ಮುಟ್ಟದೆ, ನಡುವಣ ಹನಕೆರೆಯ ನಿಲ್ದಾಣದಲ್ಲಿ ಹಿಂದಿನಿಂದ ಬರುವ ಯಾವುದೋ ವೇಗದ ಗಾಡಿಗೆ ದಾರಿಬಿಟ್ಟು ನಿಂತಿದ್ದ ಒಂದು ಸಂಜೆ, ಪಡುವಣ ದಿಕ್ಕಿನ ಕಬ್ಬಿನ ಗದ್ದೆಗಳ ಮೇಲೆ ಕಾಡಿಗೆ ಬಳಿದಂತೆ ಕವಿದಿದ್ದ ಮೋಡವು ಒಮ್ಮೆಗೇ ಹರಿದು ಭರಣಿಯ ಮಳೆ ಸುರಿಯತೊಡಗಿತು. ಸೆಕೆ ತಾಳಲಾರದೆ ಕೆಳಗಿಳಿದಿದ್ದ ಹುಡುಗನೊಬ್ಬ ನೆನೆಯುವುದನ್ನು ತಪ್ಪಿಸಿಕೊಳ್ಳಲು ನಿಲ್ದಾಣದಾಚೆಯ ಮರದತ್ತ ಓಡುವವನಿದ್ದ. ನನ್ನ ಎದುರಿಗೆ ಕುಳಿತಿದ್ದ ವೃದ್ಧರು ಕಿಟಕಿಯ ಸರಳಿಗೆ ಬಾಯಿಟ್ಟು, "ಮರದ ಬುಡಕ್ಕೋಗ್ಬ್ಯಾಡ ಕಣ್ಲಾ, ಸಿಡ್ಲು ಬಡ್ದಾತು! ಅತ್ಕ ಒಳೀಕೆ!" ಎಂದು ಕೂಗಿದರು. ಹುಡುಗ ಹತ್ತಿಕೊಂಡ. ಎರಡು ನಿಮಿಷ ಕಳೆಯುವುದರೊಳಗೆ ಎಲ್ಲಿಯೋ ಸಮೀಪದಲ್ಲಿ ಸಿಡಿಲು ಬಡಿದು, ಬೋಗಿಯ ತಗಡೆಲ್ಲ ಝಣಝಣಿಸಿ, ಒಳಗಿದ್ದವರ ಮುಖಗಳು ಒಂದು ಕ್ಷಣ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿ ಮತ್ತೆ ಕಪ್ಪಾದುವು.

ಮಾತು ಸಿಡಿಲಿನಿಂದ ಸಾವಿಗೆ ಹೊರಳಿದ್ದು ಸಹಜವೇ ಆಗಿತ್ತು. ವೃದ್ಧರು ಮಂಡ್ಯದಾಚೆಯ ಒಂದು ಹಳ್ಳಿಯ ರೈತರು. ಬೆಳೆದ ಮಗನನ್ನು ಹಿಂದಿನ ವರ್ಷ ಕಳೆದುಕೊಂಡಿದ್ದರು. ಹೇಗೆ, ಯಾವಾಗ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರು ಹೇಳಿದ್ದು ಇಷ್ಟು: "ಮನ್ಸ ಕಲ್ ಮಾಡ್ಕಂಡ್ಬುಟ್ಟಿವ್ನಿ ಸ್ವಾಮಿ. ಕಲ್ಗೇನಾದದು? ಮಳೆ ಉಯ್ದ್ರೂ ಅಷ್ಟೆಯ, ಬಿಸ್ಲು ಕಾದ್ರೂ ಅಷ್ಟೆಯ."

ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದು ಎಂಬ ನುಡಿಯು ನಮ್ಮ ಭಾಷೆಯಲ್ಲಿ ಎಷ್ಟು ಹಳೆಯದೋ ನಾನರಿಯೆ. ದುಃಖದ ಮನೆಗೆ ಹೋದ ಯಾರೂ ಅದನ್ನು ಆಡದೆ ಬಂದುದನ್ನು ಮಾತ್ರ ನಾನು ಕಂಡಿಲ್ಲ. ಆದರೆ ಆ ಸಂಜೆ, ಉಕ್ಕಿನ ಬೋಗಿಯೊಂದರ ಹೊಟ್ಟೆಯಲ್ಲಿ ಕುಳಿತು, ಹೊರಗೆ ಆಕಾಶವೇ ಬಿರಿಯುತ್ತಿದ್ದರೂ ನಿರ್ಭಯನಾಗಿ ಆ ಮಾತನ್ನು ಕೇಳಿದಾಗ, ನನ್ನಲ್ಲಿ ಬಹುಕಾಲದಿಂದ ಅಸ್ಪಷ್ಟವಾಗಿ ಇದ್ದ ಪ್ರಶ್ನೆಯೊಂದು ರೂಪ ತಾಳಿತು. ಶಾಂತಿ ಎಂಬುದು ಕಲ್ಲಾಗುವುದರಿಂದ ಬರುತ್ತದೆಯೆ? ಸಿಡಿಲಿನಿಂದ ನಮ್ಮನ್ನು ಕಾಪಾಡಿದ್ದು ಕಲ್ಲಲ್ಲ, ಲೋಹ. ಮತ್ತು ಲೋಹವು ಕಾಪಾಡುವ ಬಗೆಯು ಕಲ್ಲಿನ ಬಗೆಗೆ ತೀರ ವಿರುದ್ಧವಾದದ್ದು.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಲೇಸು. ವಿದ್ಯುಚ್ಛಕ್ತಿಯ ರಹಸ್ಯವೆಲ್ಲ ನಮ್ಮ ಋಷಿಗಳಿಗೆ ತಿಳಿದಿತ್ತೆಂದು ಸಾಧಿಸಹೊರಡುವ ವಿದ್ವಾಂಸರ ಗುಂಪಿಗೆ ನಾನು ಸೇರಿದವನಲ್ಲ. ಕೇನೋಪನಿಷತ್ತಿನಲ್ಲಿ ಬ್ರಹ್ಮದ ಅರಿವನ್ನು ಮಿಂಚಿನ ಹೊಳಪಿಗೆ ಹೋಲಿಸಿದೆ ಎಂಬುದು ನಿಜ. ಆದರೆ ಆ ಋಷಿಗೆ ಬೇಕಾಗಿದ್ದುದು ಮಿಂಚಿನ ಕ್ಷಣಿಕತೆಯೂ ತೇಜಸ್ಸೂ, ಅದರ ವೋಲ್ಟೇಜಲ್ಲ. ನ್ಯಾಯಶಾಸ್ತ್ರದವರು ದೃಷ್ಟಾಂತವನ್ನೂ ಹೇತುವನ್ನೂ ಬೇರೆಬೇರೆಯಾಗಿ ಎಣಿಸಿದರು. ದೃಷ್ಟಾಂತವು ದಾರಿಯನ್ನು ಬೆಳಗಬಹುದು, ಆದರೆ ಸಾಧಿಸುವ ಭಾರವನ್ನು ಅದರ ಹೆಗಲಿಗೆ ಹೊರಿಸಬಾರದು. ನಾನು ತಾಮ್ರದ ತುಂಡನ್ನು ಕೈಗೆತ್ತಿಕೊಳ್ಳುವುದು ಈ ಮಿತಿಯೊಳಗೇ.

ಆದರೂ ನಮ್ಮ ಪಠ್ಯಪುಸ್ತಕಗಳನ್ನು ಬರೆದ ಹಿರಿಯರು ಪದಗಳನ್ನು ಆರಿಸಿಕೊಂಡ ರೀತಿಯಲ್ಲಿ ಒಂದು ಸ್ವಾರಸ್ಯವಿದೆ. ವಸ್ತುವಿನ ಮೇಲೆ ಕೂಡಿಕೊಂಡ ವಿದ್ಯುತ್ತಿಗೆ ಅವರು ಆವೇಶವೆಂದರು. ಮಂಡ್ಯದ ಸೀಮೆಯಲ್ಲಿ ಹಬ್ಬದ ದಿನ ಕೊಂಡ ಹಾಯುವವನ ಮೈಮೇಲೆ ದೇವರು ಬರುವುದೂ ಆವೇಶವೇ, ಕೋಪ ಬಂದವನು ಮೈಮರೆಯುವುದೂ ಆವೇಶವೇ. ಆವೇಶದ ಸುತ್ತ, ಕಣ್ಣಿಗೆ ಕಾಣದೆ, ಮತ್ತೊಂದು ಆವೇಶವನ್ನು ಎಳೆಯುವ ಅಥವಾ ತಳ್ಳುವ ಸಾಮರ್ಥ್ಯ ಹಬ್ಬಿರುವ ಎಡೆಗೆ ಅವರು ಕ್ಷೇತ್ರವೆಂದರು. ಭಗವದ್ಗೀತೆಯ 13ನೆಯ ಅಧ್ಯಾಯದಲ್ಲಿ ಈ ಶರೀರಕ್ಕೇ ಆ ಹೆಸರು, ಅದನ್ನು ಬಲ್ಲವನು ಕ್ಷೇತ್ರಜ್ಞ. ಹೀಗೆ ಭೌತಶಾಸ್ತ್ರದ ಒಂದು ಪುಟವನ್ನು ಕನ್ನಡದಲ್ಲಿ ಓದುವವನಿಗೆ, ಆಂಗ್ಲದಲ್ಲಿ ಓದುವವನಿಗೆ ಕೇಳಿಸದ ಪ್ರತಿಧ್ವನಿಗಳು ಕೇಳಿಸುತ್ತವೆ. ಇದು ಆಕಸ್ಮಿಕವೇ ಇರಬಹುದು. ಆದರೆ ಆಕಸ್ಮಿಕವಾಗಿ ದೊರೆತ ನಾಣ್ಯವೂ ನಾಣ್ಯವೇ.

ಇನ್ನು ಲೋಹದೊಳಗೆ ನಡೆಯುವುದೇನು ಎಂಬುದನ್ನು ನೋಡೋಣ. ತಾಮ್ರದಂಥ ವಾಹಕದಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಒಂದು ಎಲೆಕ್ಟ್ರಾನನ್ನು ಮನೆಯ ಕಟ್ಟಿನಿಂದ ಬಿಟ್ಟುಕೊಟ್ಟಿರುತ್ತದೆ. ಅದು ಯಾವ ಪರಮಾಣುವಿಗೂ ಸೇರದೆ ಇಡೀ ಲೋಹಕ್ಕೆ ಸೇರಿದ್ದು. ಮೋಡವು ಮೇಲೆ ಕವಿದು, ಮೀಟರಿಗೆ ಹತ್ತುಸಾವಿರ ವೋಲ್ಟಿನಂಥ ಪ್ರಬಲವಾದ ಕ್ಷೇತ್ರವು ನೆಲದ ಹತ್ತಿರ ಹಬ್ಬಿದಾಗ, ಈ ಸ್ವತಂತ್ರ ಎಲೆಕ್ಟ್ರಾನುಗಳು ಅದನ್ನು ತಡೆಯುವುದಿಲ್ಲ, ಅದರೊಡನೆ ಹೋರಾಡುವುದಿಲ್ಲ; ಅದು ಎಳೆದತ್ತ ಸರಿಯುತ್ತವೆ. ಸರಿದುಹೋದ ಕಡೆ ಹೊರಮೈಯಲ್ಲಿ ಋಣಾವೇಶವೂ, ಬಿಟ್ಟುಬಂದ ಕಡೆ ಧನಾವೇಶವೂ ನಿಂತು, ಅವೆರಡೂ ಕೂಡಿ ತಮ್ಮದೇ ಆದ ಒಂದು ಕ್ಷೇತ್ರವನ್ನು ಒಳಗೆ ಹುಟ್ಟಿಸುತ್ತವೆ. ಅದರ ದಿಕ್ಕು ಹೊರಗಿನದಕ್ಕೆ ವಿರುದ್ಧ. ಒಳಗೆ ಎಳ್ಳಷ್ಟು ಕ್ಷೇತ್ರ ಉಳಿದಿದ್ದರೂ ಎಲೆಕ್ಟ್ರಾನುಗಳು ಸರಿಯುವುದು ನಿಲ್ಲುವುದಿಲ್ಲವಾದಕಾರಣ, ಅವು ನಿಂತಾಗ ಒಳಗಿನ ಕ್ಷೇತ್ರವು ಶೂನ್ಯವೇ ಆಗಿರಬೇಕು. ಇಷ್ಟೆಲ್ಲ ನಡೆಯುವುದು ಕಣ್ಣೆವೆ ಬಡಿಯುವುದಕ್ಕೆ ಎಷ್ಟೋ ಮೊದಲು. ಅದಕ್ಕೆ ಬೇಕಾದ ಸರಿದಾಟವಾದರೂ ಎಷ್ಟು ಅಲ್ಪವೆಂದರೆ, ಲೆಕ್ಕ ಹಾಕಿ ನೋಡಿದರೆ, ಹೊರಮೈಯ ಎರಡು ಮೂರು ಕೋಟಿ ಪರಮಾಣುಗಳ ಪಾಲಿಗೆ ಒಂದು ಎಲೆಕ್ಟ್ರಾನು ಹೆಚ್ಚಾಗುವುದೋ ಕಡಮೆಯಾಗುವುದೋ ಆದರೆ ಸಾಕು. ಹನಕೆರೆಯ ಮೇಲೆ ನಿಂತ ಆ ಮೋಡದ ಆರ್ಭಟವೆಲ್ಲ ಒಳಗೆ ಇಲ್ಲದಂತಾಗುತ್ತದೆ.

ಕಲ್ಲಿನ ಪಾಡು ಬೇರೆ. ಅದರಲ್ಲಿಯೂ ಎಲೆಕ್ಟ್ರಾನುಗಳಿವೆ, ಬೇಕಾದಷ್ಟು ಇವೆ. ಆದರೆ ಒಂದೊಂದೂ ತನ್ನ ಪರಮಾಣುವಿನ ಗೂಟಕ್ಕೆ ಕಟ್ಟಿದ ಕರುವಿನಂತೆ ಇರುವುದರಿಂದ, ಹೊರಗಿನ ಕ್ಷೇತ್ರವು ಎಳೆದಾಗ ಹಗ್ಗದ ಉದ್ದದಷ್ಟು ಜಗ್ಗಿ ನಿಲ್ಲುತ್ತದೆ. ಆ ಜಗ್ಗಾಟದಿಂದಲೂ ಒಂದು ಪ್ರತಿಕ್ಷೇತ್ರ ಹುಟ್ಟುತ್ತದೆ, ಆದರೆ ಅದು ಸಾಲದು. ಒಳಗೆ ಕ್ಷೇತ್ರವು ತಗ್ಗುತ್ತದೆ, ಇಲ್ಲವಾಗುವುದಿಲ್ಲ. ನಿಶ್ಚಲವಾಗಿ ಕುಳಿತಿರುವಂತೆ ಕಾಣುವ ಬಂಡೆಯ ಹೃದಯದಲ್ಲಿ ಪ್ರತಿಯೊಂದು ಪರಮಾಣುವೂ ಒಂದು ಕಡೆಗೆ ಸೆಟೆದುಕೊಂಡು, ಸಡಿಲವಾಗದ ಸೆಳೆತವನ್ನು ಅನುಭವಿಸುತ್ತ ಇರುತ್ತದೆ. ಹೊರಗೆ ಏನೂ ಆಗದಂತಿರುವುದು, ಒಳಗೆಲ್ಲ ಎಳೆದುಕೊಂಡಿರುವುದು: ಮನಸ್ಸನ್ನು ಕಲ್ಲುಮಾಡಿಕೊಂಡ ಮನುಷ್ಯರನ್ನು ನೋಡಿದವರಿಗೆ ಈ ಚಿತ್ರವು ಅಪರಿಚಿತವಲ್ಲ. ನನ್ನ ಎದುರಿಗಿದ್ದ ವೃದ್ಧರ ಕೈಬೆರಳುಗಳು ಟವಲಿನ ಅಂಚನ್ನು ಹಿಡಿದಿದ್ದ ಹಿಡಿತವನ್ನು ನಾನು ಆಗಿನಿಂದ ಗಮನಿಸುತ್ತಲೇ ಇದ್ದೆ.

ಗೀತೆಯು ಸ್ಥಿತಪ್ರಜ್ಞನಿಗೆ ಕೊಡುವ ಉಪಮಾನಗಳನ್ನು ನೆನೆದುಕೊಂಡರೆ ಅಲ್ಲಿ ಅಂಗಗಳನ್ನು ಒಳಕ್ಕೆಳೆದುಕೊಳ್ಳುವ ಆಮೆಯಿದೆ, ನದಿಗಳೆಲ್ಲ ಬಂದು ಸೇರಿದರೂ ಮೇರೆ ಮೀರದ ಸಮುದ್ರವಿದೆ, ಮುಂದೆ ಆರನೆಯ ಅಧ್ಯಾಯದಲ್ಲಿ ಯೋಗಿಯ ಚಿತ್ತಕ್ಕೆ ಗಾಳಿಯಿಲ್ಲದ ಎಡೆಯ ದೀಪವಿದೆ. ಆಮೆಯೇನೋ ಸ್ವಲ್ಪ ಕಲ್ಲಿನ ಕಡೆಯದೇ. ಆದರೆ ಸಮುದ್ರವು ಹಾಗಲ್ಲ. ಅದು ಯಾವ ನದಿಗೂ ಬಾಗಿಲು ಹಾಕುವುದಿಲ್ಲ. ಬಂದದ್ದನ್ನೆಲ್ಲ ತನ್ನ ಮೈಯೆಲ್ಲದರಲ್ಲಿ ಹಂಚಿಕೊಂಡು ಮಟ್ಟವಾಗುತ್ತದೆ. ತಾಮ್ರವು ಆವೇಶವನ್ನು ಹಂಚಿಕೊಳ್ಳುವುದೂ ಹಾಗೆಯೇ. ಸಮತ್ವವೆಂಬ ಪದಕ್ಕೆ ಭೌತಶಾಸ್ತ್ರದಲ್ಲಿ ಇದಕ್ಕಿಂತ ಸಮೀಪವಾದ ಅರ್ಥವನ್ನು ನಾನು ಕಾಣೆ: ಸಮಸ್ಥಿತಿಗೆ ಬಂದ ವಾಹಕದ ಒಳಗೂ ಹೊರಮೈಯೂ, ಅದರ ಆಕಾರ ಎಷ್ಟೇ ವಕ್ರವಾಗಿರಲಿ, ಎಲ್ಲೆಲ್ಲೂ ಒಂದೇ ವಿಭವದಲ್ಲಿರುತ್ತವೆ. ತಂತಿಯ ಮೇಲೆ ಕುಳಿತ ಗುಬ್ಬಿಗೆ ಅಪಾಯವಿಲ್ಲದಿರುವುದಕ್ಕೂ ಇದೇ ಕಾರಣ. ಅದರ ಎರಡು ಕಾಲುಗಳ ನಡುವೆ ಮೇಲು ಕೀಳೆಂಬುದು ಹೆಚ್ಚುಕಡಮೆ ಇಲ್ಲ.

ಹಾಗಾದರೆ ಒಳಗಿನ ಆ ಶೂನ್ಯವು ಎಂಥದು? ಏನೂ ಇಲ್ಲದ್ದೆ? ಶರಣರು ಬಯಲೆಂದು ಕರೆದುದನ್ನು ಬರಿದು ಎಂದು ತಿಳಿಯಬಾರದೆಂದು ಬಲ್ಲವರು ಹೇಳುತ್ತಾರೆ. ವಾಹಕದೊಳಗಣ ಸೊನ್ನೆಯನ್ನು ನೋಡಿದಾಗ ಆ ಮಾತು ಸುಳುವಾಗಿ ಅರ್ಥವಾಗುತ್ತದೆ. ಮೋಡದ ಕ್ಷೇತ್ರವು ಲೋಹದ ಗೋಡೆಯಲ್ಲಿ ನಿಂತುಹೋಗಿಲ್ಲ. ಅದು ಒಳಗೂ ಇದೆ. ಹೊರಮೈಯ ಆವೇಶಗಳ ಕ್ಷೇತ್ರವೂ ಇದೆ. ಎರಡೂ ಪೂರ್ಣವಾಗಿ ಇದ್ದು, ಬಿಂದು ಬಿಂದುವಿನಲ್ಲಿಯೂ ಒಂದನ್ನೊಂದು ಸರಿದೂಗಿಸಿಕೊಂಡಿರುವುದರಿಂದ ಮೊತ್ತವು ಸೊನ್ನೆ. ಇದು ದಾರಿದ್ರ್ಯದ ಸೊನ್ನೆಯಲ್ಲ, ತಕ್ಕಡಿಯ ಸೊನ್ನೆ. ದುಃಖವು ಬರಲಿಲ್ಲವೆಂಬ ನೆಮ್ಮದಿ ಒಂದು. ಬಂದ ದುಃಖಕ್ಕೆ ಮನಸ್ಸಿನ ಪ್ರತಿಯೊಂದು ಕಣವೂ ತಕ್ಕಂತೆ ಸರಿದು ಎಡೆಮಾಡಿಕೊಟ್ಟ ಮೇಲೆ ಉಳಿಯುವ ನೆಮ್ಮದಿ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಮೌನವೇ.

ಈ ಸೊನ್ನೆ ಎಷ್ಟು ಪರಿಪೂರ್ಣವೆಂಬುದಕ್ಕೆ ಒಂದು ಸಣ್ಣ ಚರಿತ್ರೆಯಿದೆ. ಅಮೆರಿಕೆಯ ಫ್ರಾಂಕ್ಲಿನ್ನನು ಆವೇಶಗೊಂಡ ಬೆಳ್ಳಿಯ ಪಾತ್ರೆಯೊಳಕ್ಕೆ ದಾರದಿಂದ ಬೆಂಡಿನ ಚೂರೊಂದನ್ನು ಇಳಿಬಿಟ್ಟಾಗ, ಅದು ಒಳಗೋಡೆಯತ್ತ ಸೆಳೆಯಲ್ಪಡದೆ ಸುಮ್ಮನೆ ತೂಗಿತು. ಅವನಿಗೆ ಕಾರಣ ಹೊಳೆಯಲಿಲ್ಲ. ಅವನ ಗೆಳೆಯ ಪ್ರೀಸ್ಟ್ಲಿಯು 1767ರಲ್ಲಿ, ದೂರದ ವರ್ಗಕ್ಕೆ ವಿಲೋಮವಾಗಿ ಬಲವು ತಗ್ಗುವುದಾದರೆ ಮಾತ್ರ ಹೀಗಾಗಬಲ್ಲುದೆಂದು ಊಹಿಸಿದನು. ಕ್ಯಾವೆಂಡಿಷನು ಒಂದರೊಳಗೊಂದು ಗೋಳವನ್ನಿಟ್ಟು ಪರೀಕ್ಷಿಸಿ, ಆ ದೂರದ ಘಾತವು ಎರಡಕ್ಕಿಂತ ಐವತ್ತರಲ್ಲೊಂದು ಪಾಲಿಗಿಂತ ಹೆಚ್ಚು ಬೇರೆಯಾಗಿರಲಾರದೆಂದು ಕಂಡುಕೊಂಡು, ಸಂಕೋಚದ ಮನುಷ್ಯನಾದ್ದರಿಂದ ಯಾರಿಗೂ ಹೇಳದೆ ಕಾಗದದಲ್ಲಿ ಬರೆದಿಟ್ಟನು; ನೂರು ವರ್ಷದ ಮೇಲೆ, 1879ರಲ್ಲಿ, ಆ ಕಾಗದಗಳನ್ನು ಪ್ರಕಟಿಸಿದವನು ಮ್ಯಾಕ್ಸ್‌ವೆಲ್. ಜಗತ್ತನ್ನೆಲ್ಲ ವ್ಯಾಪಿಸಿದ ಒಂದು ನಿಯಮವನ್ನು ಅಳೆಯಬೇಕಾದಾಗ ಇವರೆಲ್ಲ ಹೋಗಿ ನೋಡಿದ್ದು, ಏನೂ ಘಟಿಸದ ಒಂದು ಟೊಳ್ಳಿನೊಳಗೆ. ಫ್ಯಾರಡೆಯಂತೂ 1836ರಲ್ಲಿ ಹನ್ನೆರಡು ಅಡಿಯ ಒಂದು ದೊಡ್ಡ ಪೆಟ್ಟಿಗೆಯನ್ನು ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆಯನ್ನು ಹೊದಿಸಿ, ತಾನೇ ಒಳಹೊಕ್ಕು ಕುಳಿತನು. ಹೊರಗೆ ಯಂತ್ರದಿಂದ ಕಿಡಿಗಳು ಎಲ್ಲ ಮೂಲೆಗಳಿಂದ ಸಿಡಿಯುತ್ತಿರಲು ಒಳಗೆ ಅವನ ಸೂಕ್ಷ್ಮವಾದ ಮಾಪಕವು ಅಲುಗಲೂ ಇಲ್ಲ. ಒಂದು ಸಣ್ಣ ಕ್ರೈಸ್ತ ಪಂಥದ ಶ್ರದ್ಧಾಳುವಾಗಿದ್ದ ಆತನು ಆ ಗುಹೆಯಲ್ಲಿ ಕುಳಿತಾಗ ವಿಜ್ಞಾನವನ್ನಲ್ಲದೆ ಬೇರೇನನ್ನಾದರೂ ಚಿಂತಿಸಿದನೋ ಇಲ್ಲವೋ. ಹನಕೆರೆಯಲ್ಲಿ ನಿಂತ ನಮ್ಮ ಬೋಗಿಯು ಆ ಪೆಟ್ಟಿಗೆಯ ವಂಶಸ್ಥ.

ಇಷ್ಟಕ್ಕೇ ನಿಲ್ಲಿಸಿದರೆ ಲೋಹಕ್ಕೆ ಸ್ತೋತ್ರವಾದೀತು, ವಿಚಾರವಾಗದು. ಒಳಗಿನ ನೆಮ್ಮದಿಗೆ ಬೆಲೆಯುಂಟು. ಅದನ್ನು ತೆರುವುದು ಹೊರಮೈ. ಆವೇಶವೆಲ್ಲ ಒಂದೆರಡು ಪರಮಾಣುಗಳಷ್ಟು ತೆಳುವಾದ ಚರ್ಮದಲ್ಲಿ ನಿಲ್ಲುತ್ತದೆ. ಆ ಚರ್ಮವು ಎಲ್ಲಿ ಹೆಚ್ಚು ಬಾಗಿ ಮೊನಚಾಗಿದೆಯೋ ಅಲ್ಲಿ ಹೆಚ್ಚು ದಟ್ಟವಾಗಿ ಒತ್ತರಿಸಿ, ಕಡೆಗೆ ಗಾಳಿಯನ್ನೇ ಸೀಳಿ ಸೋರಿಹೋಗುತ್ತದೆ. ಗೋಪುರದ ಕಲಶಕ್ಕೂ ಸಿಡಿಲುಕಂಬಿಗೂ ಸಿಡಿಲಿನೊಡನೆ ನೆಂಟಸ್ತಿಕೆ ಬೆಳೆದದ್ದು ಈ ಮೊನೆಯಿಂದಲೇ. ಶಾಂತರೆಂದು ಹೆಸರಾದ ಹಿರಿಯರಲ್ಲಿಯೂ ಒಂದೊಂದು ಮೊನೆ ಇರುವುದನ್ನು ನಾವು ಕಂಡಿದ್ದೇವೆ. ಎಲ್ಲವನ್ನೂ ಸಹಿಸುವವರು ಊಟದೆಲೆಯಲ್ಲಿ ಉಪ್ಪು ಹೆಚ್ಚಾದರೆ ಸಿಡಿದೇಳುತ್ತಾರೆ.

ಇನ್ನೂ ತೊಡಕಿನ ಸಂಗತಿಯೊಂದುಂಟು. ಹೊರಗಿನದು ಒಳಗೆ ತಾಗದಂತೆ ಲೋಹದ ಗೋಡೆ ಕಾಯುವುದು ದಿಟ. ಒಳಗಿನದನ್ನು ಹೊರಗೆ ತಿಳಿಯದಂತೆ ಅದು ಮುಚ್ಚಿಡಲಾರದು. ಫ್ಯಾರಡೆಯು 1843ರಲ್ಲಿ ಮಂಜುಗಡ್ಡೆ ತುಂಬುವ ತಗಡಿನ ಬಕೆಟ್ಟಿನೊಳಕ್ಕೆ ಆವೇಶಗೊಂಡ ಗುಂಡೊಂದನ್ನು ಇಳಿಬಿಟ್ಟು ತೋರಿಸಿದಂತೆ, ಟೊಳ್ಳಿನಲ್ಲಿ ಎಷ್ಟು ಆವೇಶವಿದೆಯೋ ಅಷ್ಟೇ, ಒಂದಿಷ್ಟೂ ಹೆಚ್ಚು ಕಡಮೆಯಿಲ್ಲದೆ, ಹೊರಮೈಯಲ್ಲಿ ಮೂಡುತ್ತದೆ. ಗುಂಡನ್ನು ಒಳಗೆ ಈ ಮೂಲೆಯಿಂದ ಆ ಮೂಲೆಗೆ ಸರಿಸಿದರೆ ಹೊರಗೆ ಏನೂ ಬದಲಾಗದು. ಅಂದರೆ ಎಷ್ಟಿದೆ ಎಂಬುದು ಲೋಕಕ್ಕೆ ತಿಳಿದೇ ತಿಳಿಯುತ್ತದೆ, ಎಲ್ಲಿದೆ ಹೇಗಿದೆ ಎಂಬುದು ತಿಳಿಯುವುದಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ, ಸಾವಿನ ಮನೆಯಿಂದ ಹಿಂತಿರುಗುವ ಬಂಧುಗಳು ತಗ್ಗಿದ ದನಿಯಲ್ಲಿ ಆಡುವ ಮಾತುಗಳು ನೆನಪಾಗುತ್ತವೆ.

ಹೊರಮೈಯ ಆ ಆವೇಶವನ್ನು ಇಳಿಸಲು ನೇರವಾದ ದಾರಿಯೊಂದುಂಟು: ಪಾತ್ರೆಯನ್ನು ನೆಲಕ್ಕೆ ತಂತಿಯಿಂದ ಕೂಡಿಸುವುದು. ನಮ್ಮ ರೈತರು ಇದನ್ನು ಬಲ್ಲರು. ಪಂಪುಮನೆಯ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಅರ್ತಿಂಗಿನ ಕೊಳವೆಯನ್ನು ಹೂಳುತ್ತಾರೆ. ಬೇಸಗೆಯಲ್ಲಿ ಅದು ಒಣಗದಂತೆ ಒಂದು ಕೊಡ ನೀರು ಹೊಯ್ಯುವುದುಂಟು. ಭೂಮಿಯು ಎಷ್ಟನ್ನು ಕೊಟ್ಟರೂ ತೆಗೆದುಕೊಳ್ಳುತ್ತದೆ, ಅದರ ವಿಭವ ಏರಿತೆಂದು ಯಾರೂ ಕಂಡಿಲ್ಲ. ಮೇಲುಕೋಟೆಯ ವೈಷ್ಣವರು ಪ್ರಪತ್ತಿಯೆಂದು ಹೇಳುವುದು, ತನ್ನಿಂದಾಗದ ಭಾರವನ್ನು ತನಗಿಂತ ಅನಂತವಾಗಿ ದೊಡ್ಡದಾದ ಒಂದರ ಮೇಲೆ ಇಳಿಸಿಬಿಡುವುದನ್ನೇ ಅಲ್ಲವೆ? ಜ್ಞಾನಿಯು ತನ್ನೊಳಗೇ ಸರಿದೂಗಿಸಿಕೊಳ್ಳುವವನು, ಭಕ್ತನು ನೆಲಕ್ಕೆ ತಂತಿ ಎಳೆದುಕೊಂಡವನು ಎಂದು ವಿಂಗಡಿಸಲು ನನಗೆ ಆಸೆಯಾಗುತ್ತದೆ. ಆದರೆ ಇಷ್ಟು ಅಚ್ಚುಕಟ್ಟಾದ ವಿಂಗಡಣೆಗಳನ್ನು ನಾನು ನಂಬುವುದಿಲ್ಲ.

ಇದುವರೆಗೆ ಹೇಳಿದುದೆಲ್ಲ ಸಮಸ್ಥಿತಿಗೆ ಬಂದ ವಾಹಕದ ಮಾತು. ಸಂಸಾರಿಯ ಪಾಡು ಹಾಗಲ್ಲ; ಅವನು ಎರಡು ತುದಿಯಲ್ಲಿಯೂ ಕಟ್ಟಿಸಿಕೊಂಡ ತಂತಿ. ವಿದ್ಯುತ್ತು ಹರಿಯುತ್ತಿರುವ ತಂತಿಯೊಳಗೆ ಕ್ಷೇತ್ರವು ಎಂದಿಗೂ ಸೊನ್ನೆಯಾಗದು, ಆಗಲೂ ಬಾರದು. ಸೊನ್ನೆಯಾದರೆ ದೀಪ ಆರುತ್ತದೆ. ಈ ಮಂಡ್ಯ ಜಿಲ್ಲೆಯಲ್ಲಿ ಕುಳಿತು ಇದನ್ನು ಬರೆಯುವವನು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರವನ್ನು ನೆನೆಯದಿರಲಾರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡು, ಅವರು ತೀರಿಕೊಂಡ ಮರುವರ್ಷ, 1902ರಲ್ಲಿ, ಕಾವೇರಿಯ ಧುಮುಕಿನಿಂದ ತೆಗೆದ ವಿದ್ಯುತ್ತು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಹೋಯಿತು, ಬಂತು ಎಂದು ಬರೆದೆನಲ್ಲ, ಅದೇ ತಪ್ಪು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಒಂದು ಆಂಪಿಯರು ಹರಿಯುವಾಗ ಎಲೆಕ್ಟ್ರಾನುಗಳ ನಡಿಗೆಯು ಸೆಕೆಂಡಿಗೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಇಲ್ಲ; ಆ ನಡಿಗೆಯಲ್ಲಿ ಶಿವನಸಮುದ್ರದಿಂದ ಹನಕೆರೆಗೆ ಬರಲು ಹದಿನೈದಿಪ್ಪತ್ತು ವರ್ಷಗಳು ಬೇಕು. ಅದೂ ಒಂದೇ ದಿಕ್ಕಿಗೆ ಹರಿದರೆ. ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುವ ನಮ್ಮ ಮನೆಯ ವಿದ್ಯುತ್ತಿನಲ್ಲಿ ಪ್ರತಿ ಎಲೆಕ್ಟ್ರಾನೂ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿನಷ್ಟು ಅತ್ತ ಇತ್ತ ತೂಗುತ್ತ, ನಿಂತಲ್ಲೇ ನಿಂತಿರುತ್ತದೆ. ನಡುವೆ ಬರುವ ಟ್ರಾನ್ಸ್‌ಫಾರ್ಮರಿನಲ್ಲಂತೂ ಒಂದು ಸುರುಳಿಯ ತಂತಿ ಇನ್ನೊಂದನ್ನು ಮುಟ್ಟುವುದೇ ಇಲ್ಲ. ಶಕ್ತಿಯು ಸಾಗುವ ದಾರಿ ತಂತಿಯ ಒಡಲಲ್ಲ, ತಂತಿಯ ಸುತ್ತಣ ಬಯಲು ಎಂದು ಪಾಯಿಂಟಿಂಗ್ ಎಂಬಾತನು 1884ರಲ್ಲಿ ತೋರಿಸಿಕೊಟ್ಟನು. ತಂತಿ ಅದಕ್ಕೆ ದಾರಿ ತೋರುವ ಬದು ಮಾತ್ರ.

ಯಾರೂ ಎಲ್ಲಿಗೂ ಹೋಗದೆ, ಯಾರೂ ಏನನ್ನೂ ಕೈಯಲ್ಲಿ ಹೊತ್ತು ತಾರದೆ, ಹನಕೆರೆಯ ನಿಲ್ದಾಣದಲ್ಲಿ ಆ ಹೊತ್ತಿಗೆ ದೀಪ ಹತ್ತಿತು. ನಿಷ್ಕಾಮಕರ್ಮದ ವಿಷಯದಲ್ಲಿ ಇದರಿಂದ ಏನನ್ನಾದರೂ ಹೇಳಬಹುದಿತ್ತು. ಆದರೆ ಎಲೆಕ್ಟ್ರಾನಿಗೆ ಫಲದ ಆಸೆಯೂ ಇಲ್ಲ, ಅದನ್ನು ಬಿಡುವ ಕಷ್ಟವೂ ಇಲ್ಲ. ಸಾವಿರ ಉಪಮಾನ ಕಟ್ಟಿದರೂ ಮಗನನ್ನು ಕಳೆದುಕೊಂಡ ತಂದೆಯ ಮುಂದೆ ಅದು ಒಂದು ಕಣ ಅಷ್ಟೆ. ಕ್ಷೇತ್ರವನ್ನು ಕುರಿತು ಎಷ್ಟು ಬರೆದರೂ ಕ್ಷೇತ್ರಜ್ಞನು ಅದರಾಚೆಗೆ ಉಳಿಯುತ್ತಾನೆ. ಹಾಗಾಗಿ ಇದೊಂದನ್ನೂ ನಾನು ಅವರಿಗೆ ಹೇಳಲಿಲ್ಲ. ಕಲ್ಲಾಗಬೇಡಿ, ತಾಮ್ರವಾಗಿ ಎಂದು ಹೇಳಲು ನಾನಾರು?

ಮಳೆ ಸಣ್ಣಗಾಯಿತು. ವೃದ್ಧರ ಜೇಬಿನಲ್ಲಿ ಮೊಬೈಲು ಒಂದು ಸಲ ಕೂಗಿ ಸುಮ್ಮನಾಯಿತು. ಎತ್ತಿ ಕಿವಿಗಿಟ್ಟರೆ ಮಾತು ಕಡಿಕಡಿದು ಬರುತ್ತಿತ್ತು. ಸಿಡಿಲನ್ನು ಹೊರಗಿಟ್ಟ ಗೋಡೆಯೇ ಊರಿನ ಮಾತನ್ನೂ ಹೊರಗಿಡುತ್ತಿದ್ದಿತು. ಆದರೆ ಬೋಗಿಯು ಫ್ಯಾರಡೆಯ ಪೆಟ್ಟಿಗೆಯಂತೆ ಪೂರ್ತಿ ಮುಚ್ಚಿದ್ದಲ್ಲ, ಕಿಟಕಿಗಳುಂಟು. ಮೊಬೈಲಿನ ಸಣ್ಣ ಅಲೆಗಳಿಗೆ ಕಿಟಕಿಯಷ್ಟು ಎಡೆ ಸಾಕು. ಅವರು ಎದ್ದು, ಸರಳುಗಳಿಗೆ ಮುಖವೊತ್ತಿ, ನೀರು ಎರಚುತ್ತಿದ್ದರೂ ಲೆಕ್ಕಿಸದೆ ಕೂಗಿ ಮಾತಾಡಿದರು. ಅತ್ತ ಕಡೆ ಮೊಮ್ಮಗಳಿರಬೇಕು. "ಊಂ ಕಣವ್ವ, ಹನಕೆರೇಲಿ ನಿಂತದೆ ರೈಲು. ಬತ್ತೀನಿ ಕಣವ್ವ, ಬತ್ತೀನಿ. ಉಂಡ್ಕಂಡು ಮನಿಕ, ಕಾಯ್ಬ್ಯಾಡ." ಮಾತು ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡರು, ಮಳೆಯ ನೀರನ್ನೋ ಏನೋ, ಮತ್ತು ಗಾಡಿ ಅಲುಗಿತು.